ಕಡಲನೀರಿನ ಬ್ಯಾಟರಿಯೋ, ಲಿಥಿಯಂ ಬ್ಯಾಟರಿಯೋ? ತುರ್ತು ಸಾಧನ ಆರಿಸುವವರಿಗೆ ಒಂದು ಹೋಲಿಕೆ

ಲೈಫ್ ಜಾಕೆಟ್‌ನ ಹೆಗಲಿಗೆ ಸಿಕ್ಕಿಸಿದ ಪುಟ್ಟ ದೀಪಕ್ಕೆ ಅದರ ಜೀವಮಾನದಲ್ಲಿ ಇರುವುದು ಒಂದೇ ಕೆಲಸ. ಹಡಗಿನ ಯಾವುದೋ ಕಪಾಟಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದು, ಯಾರಾದರೂ ನೀರಿಗೆ ಬಿದ್ದ ರಾತ್ರಿ ತಾನಾಗಿಯೇ ಹೊತ್ತಿಕೊಳ್ಳಬೇಕು. ಬಿದ್ದವರ ಬೆರಳು ಚಳಿಗೆ ಮರಗಟ್ಟಿರಬಹುದು, ಪ್ರಜ್ಞೆಯೇ ತಪ್ಪಿರಬಹುದು. ಗುಂಡಿ ಒತ್ತುವವರು ಯಾರೂ ಇರುವುದಿಲ್ಲ. ಕಡಲನೀರು ತಾಗಿದಾಗ ಮಾತ್ರ ಎಚ್ಚರಗೊಳ್ಳುವ ಬ್ಯಾಟರಿ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ಈಗ ಅದೇ ಜಾಗಕ್ಕೆ ಲಿಥಿಯಂ ಬ್ಯಾಟರಿಯೂ ಬಂದಿದೆ, ಕೆಲವೆಡೆ ಸಾಮಾನ್ಯ ಆಲ್ಕಲೈನ್ ಸೆಲ್‌ಗಳೂ ಇವೆ. ದೋಣಿಯ ಒಡೆಯರು, ಮೀನುಗಾರರು, ಹಡಗಿನ ಸುರಕ್ಷತೆ ನೋಡಿಕೊಳ್ಳುವವರು ಎಲ್ಲರೂ ಕೇಳುವುದು ಯಾವುದು ಒಳ್ಳೆಯದು ಎಂದು. ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಎಷ್ಟು ವರ್ಷ ಕಾಯಬೇಕು, ಎಷ್ಟು ಗಂಟೆ ದುಡಿಯಬೇಕು, ಎಂಥ ನೀರಿನಲ್ಲಿ, ನಡುವೆ ಅದನ್ನು ಪರೀಕ್ಷಿಸಿ ನೋಡಬೇಕೇ ಎಂಬ ನಾಲ್ಕು ವಿಷಯ ಮೊದಲು ಖಚಿತವಾಗಬೇಕು. ಆಮೇಲೆ ಆಯ್ಕೆ ಅಷ್ಟೇನೂ ಕಷ್ಟವಲ್ಲ.

ಒಳಗೆ ನಡೆಯುವುದೇನು

ಸಾಮಾನ್ಯ ಬ್ಯಾಟರಿಯಲ್ಲಿ ಎರಡು ತಗಡುಗಳ ನಡುವೆ ಎಲೆಕ್ಟ್ರೊಲೈಟ್, ಅಂದರೆ ವಿದ್ಯುತ್ ಹರಿಯಲು ದಾರಿ ಕೊಡುವ ರಾಸಾಯನಿಕ, ಮೊದಲೇ ತುಂಬಿರುತ್ತದೆ. ಹಾಗಾಗಿ ಬಳಸದೆ ಇಟ್ಟರೂ ಒಳಗೊಳಗೇ ನಿಧಾನವಾಗಿ ಸವೆಯುತ್ತಿರುತ್ತದೆ. ಕಡಲನೀರಿನ ಬ್ಯಾಟರಿಯಲ್ಲಿ ಆ ಎಲೆಕ್ಟ್ರೊಲೈಟೇ ಇಲ್ಲ. ಒಂದು ಕಡೆ ಮೆಗ್ನೀಸಿಯಂ ತಗಡು, ಇನ್ನೊಂದು ಕಡೆ ಸಿಲ್ವರ್ ಕ್ಲೋರೈಡ್‌ನಂಥ ಲವಣ, ನಡುವೆ ಖಾಲಿ ಜಾಗ. ಇದನ್ನು ಮೀಸಲು ಬ್ಯಾಟರಿ ಎನ್ನುತ್ತಾರೆ. ರಂಧ್ರಗಳ ಮೂಲಕ ಉಪ್ಪುನೀರು ಒಳಗೆ ನುಗ್ಗಿದಾಗ ಅದೇ ಎಲೆಕ್ಟ್ರೊಲೈಟ್ ಆಗುತ್ತದೆ. ಮೆಗ್ನೀಸಿಯಂ ಕರಗುತ್ತಾ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಸಿಲ್ವರ್ ಕ್ಲೋರೈಡ್ ಅದನ್ನು ಪಡೆದು ಶುದ್ಧ ಬೆಳ್ಳಿಯಾಗುತ್ತದೆ. ಲೆಕ್ಕದ ಪ್ರಕಾರ ಒಂದು ಸೆಲ್ಲಿಗೆ ಸುಮಾರು 2.6 ವೋಲ್ಟ್ ಬರಬೇಕು. ಕೈಗೆ ಸಿಗುವುದು ಸುಮಾರು 1.5 ವೋಲ್ಟ್ ಮಾತ್ರ. ಮೆಗ್ನೀಸಿಯಂ ಮೇಲೆ ಕಟ್ಟಿಕೊಳ್ಳುವ ಪದರ ಮತ್ತು ಅದು ನೀರಿನೊಂದಿಗೆ ನೇರವಾಗಿ ನಡೆಸುವ ಪಕ್ಕದ ರಾಸಾಯನಿಕ ಕ್ರಿಯೆ ಉಳಿದದ್ದನ್ನು ನುಂಗಿಹಾಕುತ್ತವೆ.

ಆ ಪಕ್ಕದ ಕ್ರಿಯೆಯನ್ನು ಮರೆಯಬಾರದು. ಅದರಿಂದ ಹೈಡ್ರೋಜನ್ ಅನಿಲ ಹೊರಡುತ್ತದೆ, ಬಿಳಿ ಕೆಸರಿನಂಥ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ, ಶಾಖವೂ ಬರುತ್ತದೆ. ಶಾಖ ವರವೇ ಸರಿ: ಕೊರೆಯುವ ನೀರಿನಲ್ಲಿ ಬೇರೆ ಬ್ಯಾಟರಿಗಳು ಸೊರಗುವಾಗ ಇದು ತನ್ನನ್ನು ತಾನೇ ಬೆಚ್ಚಗಿಟ್ಟುಕೊಳ್ಳುತ್ತದೆ. ಹವಾಮಾನ ಇಲಾಖೆಗಳು ಬಲೂನಿಗೆ ಕಟ್ಟಿ ಹಾರಿಸುವ ರೇಡಿಯೊಸೋಂಡ್ ಉಪಕರಣಗಳಲ್ಲಿ ಮೆಗ್ನೀಸಿಯಂ ಮತ್ತು ಕ್ಯೂಪ್ರಸ್ ಕ್ಲೋರೈಡ್ ಬ್ಯಾಟರಿ ದಶಕಗಳ ಕಾಲ ಬಳಕೆಯಲ್ಲಿದ್ದುದಕ್ಕೆ ಇದೂ ಒಂದು ಕಾರಣ. ಹಾರಿಸುವ ಮುನ್ನ ಬ್ಯಾಟರಿಯನ್ನು ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಮೇಲಿನ ಆಕಾಶದ ಹೆಪ್ಪುಗಟ್ಟಿಸುವ ಚಳಿಯಲ್ಲೂ ಒಳಗಿನ ಬಿಸಿ ಅದನ್ನು ಕಾಯುತ್ತಿತ್ತು. ಆದರೆ ಹೈಡ್ರೋಜನ್‌ಗೆ ಹೊರಹೋಗಲು ದಾರಿ ಬೇಕೇ ಬೇಕು. ನೀರು ಒಳಬರಲೊಂದು ತೂತು, ಅನಿಲ ಹೊರಹೋಗಲೊಂದು ತೂತು ಇಲ್ಲದ ವಿನ್ಯಾಸವನ್ನು ನಂಬಬೇಡಿ. ಒಮ್ಮೆ ನೆನೆದ ಬ್ಯಾಟರಿಯನ್ನು ಒಣಗಿಸಿ ಮತ್ತೆ ಎತ್ತಿಡುವುದಂತೂ ಆಗದ ಮಾತು. ದೀಪ ಆರಿದ್ದರೂ ಮೆಗ್ನೀಸಿಯಂ ಸವೆಯುತ್ತಲೇ ಇರುತ್ತದೆ.

ಒಂದೇ ಹೆಸರು, ಎರಡು ಬೇರೆ ವಸ್ತು

ಇಲ್ಲಿ ಬಹಳ ಜನ ಎಡವುತ್ತಾರೆ. ‘ವಾಟರ್ ಆ್ಯಕ್ಟಿವೇಟೆಡ್’ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಅದು ಎರಡರಲ್ಲಿ ಯಾವುದೂ ಆಗಿರಬಹುದು. ಒಂದರಲ್ಲಿ ನೀರೇ ಬ್ಯಾಟರಿಯ ಭಾಗ. ಇನ್ನೊಂದರಲ್ಲಿ ನೀರು ಬರೀ ಸ್ವಿಚ್: ಹೊರಗೆ ಕಾಣುವ ಎರಡು ಲೋಹದ ಚುಕ್ಕೆಗಳ ನಡುವೆ ನೀರು ಸೇರಿದಾಗ ಸರ್ಕ್ಯೂಟ್ ಎಚ್ಚರಗೊಳ್ಳುತ್ತದೆ, ಶಕ್ತಿ ಬರುವುದು ಒಳಗೆ ಮುಚ್ಚಿಟ್ಟ ಲಿಥಿಯಂ ಸೆಲ್‌ನಿಂದ. ಮುಳುಗಿದ ಹಡಗಿನಿಂದ ಉಪಗ್ರಹಕ್ಕೆ ಸಂಕೇತ ಕಳಿಸುವ ಇಪಿಐಆರ್‌ಬಿ ಬೀಕನ್, ವಿಮಾನದ ಕಪ್ಪುಪೆಟ್ಟಿಗೆಗೆ ಅಂಟಿಸಿರುವ, ನೀರಡಿಯಲ್ಲಿ 37.5 ಕಿಲೊಹರ್ಟ್ಸ್‌ನ ಶಬ್ದ ಹೊರಡಿಸಿ ತಾನಿರುವ ಜಾಗ ತಿಳಿಸುವ ಪಿಂಗರ್, ಇತ್ತೀಚಿನ ಅನೇಕ ಲೈಫ್ ಜಾಕೆಟ್ ದೀಪಗಳು ಈ ಎರಡನೆಯ ಗುಂಪಿನವು.

ಈ ಭೇದ ಏಕೆ ಮುಖ್ಯ? ಲಿಥಿಯಂ ಸೆಲ್ ನೀರು ಮುಟ್ಟದಿದ್ದರೂ ಹಳೆಯದಾಗುತ್ತದೆ. ವರ್ಷಕ್ಕೆ ಶೇ. 1ರಷ್ಟೋ ಅದರ ಆಸುಪಾಸೋ ಸೋರಿಕೆ ಎಂದಿಟ್ಟುಕೊಂಡರೂ, ನೀರನ್ನು ಸದಾ ಕಾಯುತ್ತಿರುವ ಸರ್ಕ್ಯೂಟ್‌ಗೂ ಒಂದಿಷ್ಟು ಬೇಕು. 2014ರ ಮಾರ್ಚ್ 8ರಂದು ಕಾಣೆಯಾದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್370 ವಿಮಾನದ ವಿಚಾರದಲ್ಲಿ, ಅದರ ದತ್ತಾಂಶ ರೆಕಾರ್ಡರ್‌ಗೆ ಜೋಡಿಸಿದ್ದ ಪಿಂಗರ್‌ನ ಬ್ಯಾಟರಿ ಅವಧಿ 2012ರ ಡಿಸೆಂಬರ್‌ನಲ್ಲೇ ಮುಗಿದಿತ್ತು ಎಂದು 2015ರ ಮಧ್ಯಂತರ ವರದಿ ತಿಳಿಸಿತು. ಅವಧಿ ಮುಗಿದ ಮಾತ್ರಕ್ಕೆ ಸೆಲ್ ಸತ್ತಿತ್ತು ಎಂದಲ್ಲ. ಆದರೆ ಅದು ಕೆಲಸ ಮಾಡಿತ್ತೇ ಎಂಬ ಪ್ರಶ್ನೆ ಹುಡುಕಾಟಕ್ಕೆ ಅಂಟಿಕೊಂಡಿತು. ತಾರೀಖು ನೋಡುವ ಒಂದು ಕೆಲಸ ತಪ್ಪಿದರೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಗುರುತಿಸುವುದು ಸುಲಭ. ಬ್ಯಾಟರಿಯ ಡಬ್ಬಿಯ ಮೇಲೆ ರಂಧ್ರಗಳಿದ್ದು, ಅವಕ್ಕೆ ಎಳೆದು ತೆಗೆಯುವ ಬಿರಡೆಯೋ ಪಟ್ಟಿಯೋ ಇದ್ದರೆ ಅದು ನಿಜವಾದ ನೀರಿನ ಬ್ಯಾಟರಿ. ಡಬ್ಬಿ ಪೂರ್ತಿ ಮುಚ್ಚಿದ್ದು ಹೊರಗೆ ಎರಡು ಲೋಹದ ಚುಕ್ಕೆ ಕಂಡರೆ, ಲಿಥಿಯಂ ಎಂಬ ಮಾತು ಎಲ್ಲೋ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ.

ಬೆಳ್ಳಿ, ತಾಮ್ರ, ಸೀಸ

ಕಡಲನೀರಿನ ಬ್ಯಾಟರಿಗಳೆಲ್ಲ ಒಂದೇ ಅಲ್ಲ. ಮೆಗ್ನೀಸಿಯಂ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ. ಬದಲಾಗುವುದು ಎದುರಿನ ತಗಡು.

ಸಿಲ್ವರ್ ಕ್ಲೋರೈಡ್ ಇವುಗಳಲ್ಲಿ ಶ್ರೇಷ್ಠ. ನೀರಿನಲ್ಲಿ ಕರಗುವುದಿಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ, ತಾಗಿದ ಕೂಡಲೇ ಪೂರ್ಣ ವೋಲ್ಟೇಜ್‌ಗೆ ಏರುತ್ತದೆ, ಭಾರೀ ಕರೆಂಟ್ ಕೇಳಿದರೂ ಕೊಡುತ್ತದೆ. ಕಿಲೊಗ್ರಾಂಗೆ ಸುಮಾರು 100ರಿಂದ 150 ವಾಟ್-ಗಂಟೆ ಶಕ್ತಿ ಸಿಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಇದನ್ನು ವಿದ್ಯುತ್ ಟಾರ್ಪೆಡೊಗಳಿಗಾಗಿ ಬೆಳೆಸಿತು. ಮುಂದೆ ಮಾರ್ಕ್ 44 ಟಾರ್ಪೆಡೊ ಮತ್ತು ಬ್ರಿಟನ್ನಿನ ಸ್ಟಿಂಗ್ರೇ ಇದರ ಮೇಲೇ ಓಡಿದವು. ದೋಷ ಒಂದೇ, ಬೆಳ್ಳಿಯ ಬೆಲೆ. ದೀಪದಂಥ ಚಿಕ್ಕ ವಸ್ತುವಿನಲ್ಲಿ ಅದು ಅಷ್ಟಾಗಿ ಹೊರೆಯಾಗುವುದಿಲ್ಲ. ಟಾರ್ಪೆಡೊ ಗಾತ್ರಕ್ಕೆ ಬಂದರೆ ಪ್ರತಿ ಅಭ್ಯಾಸದ ಹಾರಿಕೆಗೂ ಬೆಳ್ಳಿ ಸುರಿಯಬೇಕಾಗುತ್ತದೆ. ಯುರೋಪಿನ ಎಂಯು90 ಟಾರ್ಪೆಡೊ ಅಲ್ಯೂಮಿನಿಯಂ ಮತ್ತು ಸಿಲ್ವರ್ ಆಕ್ಸೈಡ್ ಜೋಡಿಗೆ ಹೋಯಿತು. ಅಲ್ಲೂ ಬೆಳ್ಳಿ ತಪ್ಪಲಿಲ್ಲ, ಆದರೆ ಅದೇ ಭಾರಕ್ಕೆ ಹೆಚ್ಚು ಶಕ್ತಿ ದೊರೆಯಿತು.

ಕ್ಯೂಪ್ರಸ್ ಕ್ಲೋರೈಡ್ ಅಗ್ಗ. 1949ರ ಹೊತ್ತಿಗೇ ಮಾರುಕಟ್ಟೆಗೆ ಬಂದಿತ್ತು. ಶಕ್ತಿ ಬೆಳ್ಳಿಯದಕ್ಕಿಂತ ಕಡಿಮೆ, ಕಿಲೊಗ್ರಾಂಗೆ 50ರಿಂದ 80 ವಾಟ್-ಗಂಟೆಯ ಸುತ್ತ. ದೊಡ್ಡ ತೊಂದರೆ ತೇವದ ಗಾಳಿ: ಕ್ಯೂಪ್ರಸ್ ಕ್ಲೋರೈಡ್ ಆರ್ದ್ರತೆಯಲ್ಲಿ ಆಕ್ಸಿಡೀಕರಣಗೊಂಡು ಹಸಿರಾಗಿ ಕೆಡುತ್ತದೆ. ಪೊಟ್ಟಣ ಬಿಗಿಯಾಗಿದ್ದರೆ ಮಾತ್ರ ಇದು ವಿಶ್ವಾಸಾರ್ಹ. ಲೆಡ್ ಕ್ಲೋರೈಡ್ ಶೇಖರಣೆಯಲ್ಲಿ ಹೆಚ್ಚು ಗಟ್ಟಿ, ಆದರೆ ವೋಲ್ಟೇಜ್ 1.1ರ ಆಸುಪಾಸು, ತೂಕ ಜಾಸ್ತಿ, ಸೀಸದ ವಿಷ ಬೇರೆ. ಜಲಾಂತರ್ಗಾಮಿ ಪತ್ತೆಹಚ್ಚಲು ವಿಮಾನದಿಂದ ಬೀಳಿಸುವ ಸೋನೊಬಾಯ್‌ಗಳಲ್ಲಿ ಈ ಮೂರೂ ಬಳಕೆಯಾಗಿವೆ. ಸೋನೊಬಾಯ್ ನೀರಿನ ಬ್ಯಾಟರಿಗೆ ಹೇಳಿ ಮಾಡಿಸಿದಂಥ ಸಾಧನ: ವರ್ಷಗಟ್ಟಲೆ ಗೋದಾಮಿನಲ್ಲಿ ಇರುತ್ತದೆ, ಖಚಿತವಾಗಿ ಸಮುದ್ರಕ್ಕೇ ಬೀಳುತ್ತದೆ, ಕೆಲವು ಗಂಟೆ ದುಡಿದು ಮುಳುಗುತ್ತದೆ, ಯಾರೂ ಅದನ್ನು ಮತ್ತೆ ಬಳಸುವುದಿಲ್ಲ.

ನಾಗರಿಕ ಬಳಕೆಗೆ, ಅದರಲ್ಲೂ ಮೈಮೇಲೆ ಧರಿಸುವ ವಸ್ತುವಿಗೆ, ನನ್ನ ಆಯ್ಕೆ ಬೆಳ್ಳಿಯದ್ದೇ. ಸೀಸದ್ದನ್ನು ಬೇಡವೆನ್ನುತ್ತೇನೆ.

ಕಡಲತಳದಲ್ಲಿ ವರ್ಷಗಟ್ಟಲೆ

ಮೇಲಿನವೆಲ್ಲ ಗಂಟೆಗಳ ಲೆಕ್ಕದಲ್ಲಿ ದುಡಿಯುವವು. ಇನ್ನೊಂದು ಬಗೆಯುಂಟು, ಅದರ ಕಾಲಮಾನವೇ ಬೇರೆ. ಎದುರಿನ ತಗಡಿನಲ್ಲಿ ಯಾವ ಲವಣವನ್ನೂ ಇಡದೆ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ಬಳಸಿಕೊಳ್ಳುವ ಬ್ಯಾಟರಿ ಇದು. ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಇಂಥದ್ದನ್ನು ರೂಪಿಸಿತು. ಮೆಗ್ನೀಸಿಯಂ ಸರಳು, ಸುತ್ತ ಎದುರಿನ ತಗಡಿನ ಜಾಗದಲ್ಲಿ ಕಾರ್ಬನ್ ನಾರಿನ ಕುಂಚಗಳಂಥ ಕ್ಯಾಥೋಡ್, ನಡುವೆ ಹರಿದಾಡುವ ಸಮುದ್ರ. ಸಮುದ್ರತಳದಲ್ಲಿ ಅಳತೆ ಮಾಡುತ್ತಾ ಕೂರುವ ಉಪಕರಣಗಳಿಗೆ ಇದು ಬಹುಕಾಲ ಸಣ್ಣ ಪ್ರಮಾಣದ ವಿದ್ಯುತ್ ಒದಗಿಸಬಲ್ಲದು.

ಸಣ್ಣ ಪ್ರಮಾಣ ಎಂಬುದನ್ನು ಒತ್ತಿ ಹೇಳಬೇಕು. ಒಂದು ಲೀಟರ್ ಕಡಲನೀರಿನಲ್ಲಿ ಕರಗಿರುವ ಆಮ್ಲಜನಕ ಕೆಲವೇ ಮಿಲಿಗ್ರಾಂ. ಆದ್ದರಿಂದ ಕ್ಯಾಥೋಡ್ ದೊಡ್ಡದಾಗಿರಬೇಕು, ನೀರು ಹರಿಯುತ್ತಿರಬೇಕು. ಎಲ್ಲ ಸೆಲ್‌ಗಳೂ ಒಂದೇ ಸಮುದ್ರವನ್ನು ಎಲೆಕ್ಟ್ರೊಲೈಟ್ ಆಗಿ ಹಂಚಿಕೊಳ್ಳುವುದರಿಂದ ಅವುಗಳನ್ನು ಸರಣಿಯಲ್ಲಿ ಜೋಡಿಸಿದರೆ ನೀರಿನ ಮೂಲಕವೇ ಕರೆಂಟ್ ಸೋರಿಹೋಗುತ್ತದೆ. ಹಾಗಾಗಿ ಒಂದೇ ಸೆಲ್ಲಿನ ಒಂದೂಕಾಲು ವೋಲ್ಟ್ ಆಸುಪಾಸಿನ ವಿದ್ಯುತ್ತನ್ನು ಪರಿವರ್ತಕದಿಂದ ಎತ್ತರಿಸಿಕೊಳ್ಳಬೇಕು. ಕ್ಯಾಥೋಡ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಪಾಚಿ ಮತ್ತು ಚಿಪ್ಪುಜೀವಿಗಳು ನೆಲೆಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಜಾಗ ನೋಡಿಕೊಳ್ಳಬೇಕು. ಕಪ್ಪು ಸಮುದ್ರದಲ್ಲಿ ಸುಮಾರು 150ರಿಂದ 200 ಮೀಟರ್ ಕೆಳಗೆ ಆಮ್ಲಜನಕವೇ ಇಲ್ಲ. ಅಲ್ಲಿ ಈ ಬ್ಯಾಟರಿ ಬರೀ ಲೋಹದ ಸರಳು. ಅಂಥ ಕಡೆ ಒತ್ತಡ ತಾಳುವ ಡಬ್ಬಿಯೊಳಗೆ ಲಿಥಿಯಂ ಇಡುವುದೊಂದೇ ದಾರಿ. ಉಳಿದ ಕಡೆ, ಕೆಲವೇ ವಾಟ್ ಸಾಕೆನ್ನುವ, ವರ್ಷಗಳ ಕಾಲ ಯಾರೂ ಹೋಗಿ ನೋಡಲಾಗದ ಉಪಕರಣಕ್ಕೆ ಆಮ್ಲಜನಕದ ಬ್ಯಾಟರಿ ಸೊಗಸಾದ ಪರಿಹಾರ.

ಯಾವ ಸಾಧನಕ್ಕೆ ಯಾವುದು

ಲೈಫ್ ಜಾಕೆಟ್ ದೀಪ: ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ ಜೀವರಕ್ಷಕ ಸಾಧನಗಳ ಸಂಹಿತೆ ಕೇಳುವುದು ಕನಿಷ್ಠ 0.75 ಕ್ಯಾಂಡೆಲಾ (ಬೆಳಕಿನ ಪ್ರಖರತೆಯ ಮಾನ) ಬಿಳಿ ಬೆಳಕು, ಕನಿಷ್ಠ 8 ಗಂಟೆ. ಮಿನುಗುವ ದೀಪವಾದರೆ ನಿಮಿಷಕ್ಕೆ 50ರಿಂದ 70 ಬಾರಿ ಮಿನುಗಬೇಕು, ಜೊತೆಗೆ ಕೈಯಿಂದ ಒತ್ತುವ ಸ್ವಿಚ್ ಇರಬೇಕು. ಫಿಲಮೆಂಟ್ ಬಲ್ಬಿನ ಕಾಲದಲ್ಲಿ ಇಷ್ಟು ಬೆಳಕನ್ನು ಅಂಗೈಗಿಂತ ಚಿಕ್ಕ ವಸ್ತುವಿನಿಂದ ಎಂಟು ಗಂಟೆ ಪಡೆಯಲು ಬೆಳ್ಳಿಯ ಕಡಲನೀರಿನ ಬ್ಯಾಟರಿಗೆ ಸರಿಸಾಟಿ ಕಷ್ಟವಿತ್ತು. ಎಲ್‌ಇಡಿ ಬಂದು ಲೆಕ್ಕ ಬದಲಾಯಿತು. ಬೇಕಾದ ವಿದ್ಯುತ್ ಎಷ್ಟೋ ಪಾಲು ಇಳಿಯಿತು, ಪುಟ್ಟ ಲಿಥಿಯಂ ಸೆಲ್ಲೇ ಸಾಕಾಯಿತು.

ಹಾಗಾದರೆ ಹಳೆಯದು ಬೇಡವೇ? ಸಮುದ್ರದಲ್ಲೇ ಓಡಾಡುವ, ನೂರಾರು ಜಾಕೆಟ್‌ಗಳನ್ನು ಒಣ ಕಪಾಟಿನಲ್ಲಿ ಇಟ್ಟಿರುವ ಪ್ರಯಾಣಿಕ ಹಡಗಿಗೆ ನೀರಿನ ಬ್ಯಾಟರಿ ಇಂದಿಗೂ ಒಳ್ಳೆಯ ಆಯ್ಕೆ. ಕಪಾಟಿನಲ್ಲಿ ಅಕಸ್ಮಾತ್ ಹೊತ್ತಿಕೊಳ್ಳುವ ಕಾಟ ಕಡಿಮೆ, ಲಿಥಿಯಂ ಸಾಗಾಟದ ನಿರ್ಬಂಧಗಳೂ ಇಲ್ಲ. ಲಿಥಿಯಂ ಲೋಹದ ಬ್ಯಾಟರಿ ಅಪಾಯಕಾರಿ ಸರಕುಗಳ 9ನೇ ವರ್ಗಕ್ಕೆ ಸೇರಿದ್ದು, ಬಿಡಿ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಒಯ್ಯುವುದನ್ನು 2015ರ ಜನವರಿ 1ರಿಂದ ನಿಷೇಧಿಸಲಾಗಿದೆ. ದೂರದ ಬಂದರಿಗೆ ತುರ್ತಾಗಿ ತರಿಸಿಕೊಳ್ಳಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ದಿನವೂ ಜಾಕೆಟ್ ತೊಟ್ಟು ತೆರೆದ ದೋಣಿಯಲ್ಲಿ ಕೆಲಸ ಮಾಡುವ ಮೀನುಗಾರರಿಗೆ ನಾನು ಹೇಳುವುದು ಲಿಥಿಯಂ ದೀಪವನ್ನೇ. ಮಳೆ, ಅಲೆಯ ಸಿಂಪರಣೆ, ಬೆವರಿನ ತೇವ ಇವುಗಳಲ್ಲಿ ಬಿರಡೆ ತೆಗೆದ ನೀರಿನ ಬ್ಯಾಟರಿ ಅರ್ಧಂಬರ್ಧ ಸವೆದುಹೋಗಿರುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ನದಿ, ಕೆರೆ, ಹಿನ್ನೀರಿನಲ್ಲಿ ದೋಣಿ ನಡೆಸುವವರು ಇನ್ನೊಂದು ಅಂಶ ಗಮನಿಸಬೇಕು. ಕಡಲನೀರಿನಲ್ಲಿ ಕಿಲೊಗ್ರಾಂಗೆ ಸುಮಾರು 35 ಗ್ರಾಂ ಉಪ್ಪಿದೆ; ಸಿಹಿನೀರು ಅದಕ್ಕಿಂತ ನೂರಾರು ಪಾಲು ಕಡಿಮೆ ವಿದ್ಯುತ್ ಹರಿಯಬಿಡುತ್ತದೆ. ಕ್ರಿಯೆ ಶುರುವಾದ ಮೇಲೆ ಹುಟ್ಟುವ ಮೆಗ್ನೀಸಿಯಂ ಕ್ಲೋರೈಡ್ ಸೆಲ್ಲಿನೊಳಗಿನ ನೀರನ್ನು ತಾನೇ ಉಪ್ಪಾಗಿಸುವುದರಿಂದ ದೀಪ ನಿಧಾನವಾಗಿಯಾದರೂ ಮೇಲೇರಬಹುದು. ವಿಮಾನದ ಲೈಫ್ ಜಾಕೆಟ್ ದೀಪಗಳನ್ನು ಸಿಹಿನೀರಿಗೂ ಆಗುವಂತೆ ವಿನ್ಯಾಸ ಮಾಡಿರುತ್ತಾರೆ. ನಿಮ್ಮ ದೀಪದ ಮೇಲೆ ಸಿಹಿನೀರಿನಲ್ಲೂ ಕೆಲಸ ಮಾಡುತ್ತದೆ ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಕೆರೆಗೆ ಅದನ್ನು ಒಯ್ಯಬೇಡಿ.

ಲೈಫ್‌ಬಾಯ್ (ನೀರಿಗೆ ಬಿದ್ದವರತ್ತ ಎಸೆಯುವ ತೇಲುವ ಬಳೆ) ದೀಪ: ಇಲ್ಲಿ ಸಂಹಿತೆ ಕೇಳುವುದು ಕನಿಷ್ಠ 2 ಕ್ಯಾಂಡೆಲಾ, 2 ಗಂಟೆ. ಹಡಗಿನ ಕಟಕಟೆಯಲ್ಲಿ ಬಿಸಿಲು ಮಳೆಗೆ ತೆರೆದೇ ಇರುವ ವಸ್ತುವಾದ್ದರಿಂದ ನೀರಿನ ಬ್ಯಾಟರಿಗೆ ಇದು ಪ್ರತಿಕೂಲ ಜಾಗ. ತಲೆಕೆಳಗಾಗಿ ನೇತುಹಾಕಿದ್ದು, ನೀರಿಗೆ ಬಿದ್ದು ನೆಟ್ಟಗಾದಾಗ ಒಳಗಿನ ಓರೆ-ಸ್ವಿಚ್ಚಿನಿಂದ ಹೊತ್ತಿಕೊಳ್ಳುವ ಸಾಮಾನ್ಯ ಸೆಲ್ಲಿನ ದೀಪವೇ ಇಲ್ಲಿ ಉತ್ತಮ. ಕಾರಣ ಒಂದೇ: ವಾರಕ್ಕೊಮ್ಮೆ ತಿರುಗಿಸಿ ಹಿಡಿದರೆ ಉರಿಯುತ್ತದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಲೈಫ್ ರಾಫ್ಟ್‌ನ ಮೇಲ್ಛಾವಣಿ ದೀಪ 4.3 ಕ್ಯಾಂಡೆಲಾ ಬೆಳಕನ್ನು 12 ಗಂಟೆ ಕೊಡಬೇಕು. ರಾಫ್ಟ್ ವರ್ಷಗಳ ಕಾಲ ಡಬ್ಬಿಯೊಳಗೆ ಮಡಚಿಕೊಂಡಿರುತ್ತದೆ, ಯಾರೂ ತೆರೆದು ನೋಡಲಾಗದು. ಬಿಚ್ಚಿದಾಗ ತಳ ನೀರಿನಲ್ಲೇ ಇರುತ್ತದೆ. ಬ್ಯಾಟರಿಯನ್ನು ತಳದ ಹೊರಗೆ, ನೀರಲ್ಲಿ ಇಳಿಬಿಟ್ಟು ತಂತಿಯಿಂದ ದೀಪಕ್ಕೆ ಜೋಡಿಸಬಹುದು. ನೀರಿನ ಬ್ಯಾಟರಿಯ ಗುಣಗಳೆಲ್ಲ ಇಲ್ಲಿ ಒಟ್ಟಿಗೆ ಕೂಡಿಬರುತ್ತವೆ.

ಬೀಕನ್‌ಗಳ ವಿಷಯದಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ. ಇಪಿಐಆರ್‌ಬಿ 406 ಮೆಗಾಹರ್ಟ್ಸ್‌ನಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡಿನಷ್ಟು ಹೊತ್ತು 5 ವಾಟ್‌ಗಳ ಸಂಕೇತವನ್ನು ಚಿಮ್ಮಿಸುತ್ತದೆ, 48 ಗಂಟೆ ಹೀಗೇ ಮಾಡಬೇಕು. ಮೈಮೇಲೆ ಧರಿಸುವ ವೈಯಕ್ತಿಕ ಬೀಕನ್ ಪಿಎಲ್‌ಬಿಗೆ 24 ಗಂಟೆ. ಇವನ್ನು ನೀರಿನಲ್ಲಿ ಮಾತ್ರವಲ್ಲ, ರಾಫ್ಟ್‌ನೊಳಗೆ ಕೈಯಲ್ಲಿ ಹಿಡಿದು, ದಡದ ಬಂಡೆಯ ಮೇಲಿಟ್ಟು ಕೂಡ ಬಳಸುತ್ತಾರೆ. ತಿಂಗಳಿಗೊಮ್ಮೆ ಸ್ವಪರೀಕ್ಷೆಯ ಗುಂಡಿ ಒತ್ತಬೇಕು. ಲಿಥಿಯಂ ಬಿಟ್ಟರೆ ಬೇರೆ ಹೊಂದುವುದಿಲ್ಲ. ಪಿಂಗರ್‌ಗಳದ್ದೂ ಇದೇ ಕಥೆ. 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447ರ ಪಿಂಗರ್‌ಗಳಿಗೆ 30 ದಿನಗಳ ಆಯುಷ್ಯವಿತ್ತು; ಕಡಲತಳದಲ್ಲಿ ಮುಖ್ಯ ಅವಶೇಷ ಸಿಕ್ಕಿದ್ದು 2011ರ ಏಪ್ರಿಲ್‌ನಲ್ಲಿ. ಆ ಬಳಿಕ 90 ದಿನ ಬಾಳುವ ಪಿಂಗರ್‌ಗಳಿಗೆ ಜಗತ್ತು ಹೊರಳಿತು.

ಮನೆಯ ತುರ್ತು ದೀಪ

ಉಪ್ಪುನೀರು ಸುರಿದರೆ ಉರಿಯುವ ಲಾಂದ್ರಗಳೂ ಚಾರ್ಜರ್‌ಗಳೂ ಈಗ ಸಿಗುತ್ತವೆ. ಇವು ಹೆಚ್ಚಾಗಿ ಮೆಗ್ನೀಸಿಯಂ ಮತ್ತು ಗಾಳಿಯ ಆಮ್ಲಜನಕದ ಜೋಡಿ. ಜಪಾನಿನ ಫುರುಕಾವಾ ಬ್ಯಾಟರಿ ಕಂಪನಿ 2014ರಲ್ಲಿ ಕಾಗದದ ಪೆಟ್ಟಿಗೆಯ ಮ್ಯಾಗ್‌ಬಾಕ್ಸ್ ತಂದಿತು. ಎರಡು ಲೀಟರ್ ನೀರು ಸುರಿದರೆ ಯುಎಸ್‌ಬಿ ಮೂಲಕ ಫೋನುಗಳನ್ನು ಚಾರ್ಜ್ ಮಾಡಬಲ್ಲದು. ಭಾರತದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ‘ರೋಶ್ನಿ’ ಲಾಂದ್ರ 2022ರಲ್ಲಿ ಬಂತು, ಕಡಲನೀರಿನಲ್ಲಿ ಎಲ್‌ಇಡಿ ಬೆಳಗಿಸುತ್ತದೆ.

ಕರೆಂಟ್ ಆಗಾಗ ಹೋಗುವ ಮನೆಗೆ ಇದು ತಕ್ಕದ್ದಲ್ಲ, ಸೌರ ಫಲಕದ ಜೊತೆ ಮರುಚಾರ್ಜ್ ಬ್ಯಾಟರಿ ಇಟ್ಟುಕೊಳ್ಳಿ. ಚಂಡಮಾರುತದ ಆಶ್ರಯತಾಣದಲ್ಲಿ, ಹತ್ತು ವರ್ಷಕ್ಕೊಮ್ಮೆ ಬೇಕಾಗುವ ಪೆಟ್ಟಿಗೆಯಲ್ಲಿ ಇಡುವುದಾದರೆ ಇದು ಬೆಲೆಬಾಳುವ ವಸ್ತು. ಕೊಳ್ಳುವಾಗ ಮೂರು ಸಂಗತಿ ಕೇಳಿ: ಮೆಗ್ನೀಸಿಯಂ ತಗಡನ್ನು ಬದಲಿಸಬಹುದೇ, ಬದಲಿ ತಗಡು ಎಲ್ಲಿ ಸಿಗುತ್ತದೆ, ಒಂದು ತಗಡಿಗೆ ಒಟ್ಟು ಎಷ್ಟು ವಾಟ್-ಗಂಟೆ. ‘ಉಪ್ಪುನೀರಿನಿಂದ ವಿದ್ಯುತ್’ ಎಂಬ ಮಾತಿಗೆ ಮರುಳಾಗಬೇಡಿ. ಶಕ್ತಿ ಇರುವುದು ಮೆಗ್ನೀಸಿಯಂನಲ್ಲಿ; ತಗಡು ಕರಗಿ ಮುಗಿದ ಮೇಲೆ ಎಷ್ಟು ಕಡಲು ಸುರಿದರೂ ದೀಪ ಹತ್ತುವುದಿಲ್ಲ. ಕುಡಿಯುವ ನೀರನ್ನು ಇದಕ್ಕೆ ವ್ಯಯಿಸುವುದೂ ಬೇಡ, ಉಪ್ಪು ಬೆರೆಸಿದ ಬಳಸಿದ ನೀರು ಸಾಕು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಎತ್ತಿಡುವುದು, ನೋಡಿಕೊಳ್ಳುವುದು

ನೀರಿನ ಬ್ಯಾಟರಿಯ ದೊಡ್ಡ ಕೊರತೆ ಇದು: ಪರೀಕ್ಷಿಸಿದರೆ ಅದು ಮುಗಿದಂತೆ. ಉರಿಯುತ್ತದೆಯೇ ಎಂದು ಬಕೆಟ್ಟಿನಲ್ಲಿ ಅದ್ದಿ ನೋಡಿದ ದೀಪವನ್ನು ಮತ್ತೆ ಜಾಕೆಟ್‌ಗೆ ಸಿಕ್ಕಿಸುವಂತಿಲ್ಲ. ನಂಬಬೇಕಾದದ್ದು ತಯಾರಿಯ ಬ್ಯಾಚ್ ಸಂಖ್ಯೆ, ಅವಧಿಯ ತಾರೀಖು ಮತ್ತು ಹೊದಿಕೆಯ ಸ್ಥಿತಿಯನ್ನು ಮಾತ್ರ. ದೊಡ್ಡ ಸಂಖ್ಯೆಯಲ್ಲಿ ಕೊಳ್ಳುವವರು ಒಂದೇ ಬ್ಯಾಚ್‌ನಿಂದ ಒಂದೆರಡನ್ನು ಬಲಿಕೊಟ್ಟು ನೋಡುವುದು ನ್ಯಾಯವಾದ ಖರ್ಚು. ಕಡಲ ಗಾಳಿಯ ತೇವವೇ ಇದರ ಶತ್ರು. ತೇವ ತಾಗಿದ ಬಿತ್ತನೆ ಬೀಜ ಚೀಲದಲ್ಲೇ ಮೊಳೆತು ಹಾಳಾಗುವ ಹಾಗೆ, ಹೊದಿಕೆ ಹರಿದ ಬ್ಯಾಟರಿ ಕಪಾಟಿನಲ್ಲೇ ಕೆಲಸ ಶುರುಮಾಡಿ ಮುಗಿಸಿಬಿಟ್ಟಿರುತ್ತದೆ. ರಂಧ್ರದ ಅಂಚಿನಲ್ಲಿ ಬಿಳಿ ಪುಡಿ ಕಂಡರೆ, ಡಬ್ಬಿ ಉಬ್ಬಿದ್ದರೆ, ತಾರೀಖು ಎಷ್ಟೇ ಬಾಕಿಯಿರಲಿ, ತೆಗೆದುಹಾಕಿ.

ಬಿರಡೆ ಎಳೆಯುವ ಮಾದರಿಯಾದರೆ ಅದನ್ನು ಎಳೆಯಬೇಕೆಂಬುದನ್ನು ಪ್ರಯಾಣಿಕರಿಗೆ ತೋರಿಸಿಕೊಡಲೇಬೇಕು. ಬಿರಡೆ ಇದ್ದಂತೆಯೇ ನೀರಿಗೆ ಬಿದ್ದರೆ ಒಳಗೆ ಹನಿಯೂ ಹೋಗುವುದಿಲ್ಲ, ದೀಪ ಕತ್ತಲಾಗೇ ಉಳಿಯುತ್ತದೆ. ತಾನಾಗಿ ತೆರೆದುಕೊಳ್ಳುವ ಮಾದರಿ ಸಿಗುವಾಗ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ಕೊಳ್ಳಿ. ಅಭ್ಯಾಸದ ವೇಳೆ ಐದೇ ನಿಮಿಷ ಉರಿದಿದ್ದರೂ ಆ ದೀಪವನ್ನು ಅಂದೇ ಬದಲಿಸಿ, ಹಳೆಯದನ್ನು ಬೆಳ್ಳಿ ಮತ್ತು ಇತರ ಲೋಹ ಮರಳಿ ಪಡೆಯುವ ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಸೀಸ, ತಾಮ್ರದ ಲವಣವಿರುವುದನ್ನು ಸಮುದ್ರಕ್ಕೆ ಎಸೆಯಬಾರದು.